ಪ್ರದರ್ಶನ ಮುಗಿದ ಮೇಲೆ ಲಾಲ್‌ಬಾಗಿಗೆ ಬನ್ನಿ

ಸಂಪಾದಕರಿಗೆ ನಮಸ್ಕಾರಗಳು.

ಮಾನ್ಯರೇ,

ಗಣರಾಜ್ಯೋತ್ಸವದ ಫಲಪುಷ್ಪ ಪ್ರದರ್ಶನ ಮುಗಿದ ಮೂರನೆಯ ದಿನ ಬೆಳಗ್ಗೆ ನಾನು ಲಾಲ್‌ಬಾಗಿನ ಗಾಜಿನ ಮನೆಯ ಮುಂದೆ ನಿಂತಿದ್ದೆ. ಒಳಗೆ ಕೆಲಸದವರು ಹೂಕುಂಡಗಳನ್ನು ಎತ್ತಿ ಗಾಡಿಗೆ ತುಂಬುತ್ತಿದ್ದರು. ಒಂದು ಮೂಲೆಯಲ್ಲಿ ಬಾಡಿದ ಸೇವಂತಿಗೆ, ಗುಲಾಬಿ ಗುಡ್ಡೆ ಬಿದ್ದಿತ್ತು. ಆಗ ಒಂದು ಕುಟುಂಬ ಬಂತು. ಅಜ್ಜಿ, ಮಗ, ಸೊಸೆ, ಇಬ್ಬರು ಮಕ್ಕಳು. ರಾಮನಗರದ ಹತ್ತಿರದ ಒಂದು ಹಳ್ಳಿಯವರು. ಬೆಳಗಿನ ರೈಲು ಹಿಡಿದು, ಮೆಜೆಸ್ಟಿಕ್‌ನಲ್ಲಿ ಮೆಟ್ರೊ ಹತ್ತಿ ಬಂದಿದ್ದರು. ಮಕ್ಕಳಿಗೆ ಹಬ್ಬದ ಬಟ್ಟೆ ಹಾಕಿದ್ದರು. ಸೊಸೆಯ ಕೈಯಲ್ಲಿ ಬುತ್ತಿಯ ಚೀಲ ಇತ್ತು. ಅಜ್ಜಿ ಒಳಗೆ ಇಣುಕಿ ನೋಡಿ, “ಮುಗ್ದೋಯ್ತಾ? ಇನ್ನೇನೈತೆ ಇಲ್ಲಿ ನೋಡೋಕೆ?” ಅಂದರು. ಮಗ ಏನೂ ಮಾತಾಡಲಿಲ್ಲ. ಮಕ್ಕಳ ಕೈ ಹಿಡಿದು ವಾಪಸ್ ಹೊರಟೇ ಬಿಟ್ಟ.

ಆ ಮಾತು ಕೇಳಿ ನನಗೆ ಸುಮ್ಮನೆ ನಿಲ್ಲಲು ಆಗಲಿಲ್ಲ. “ಇರಪ್ಪಾ, ಒಂದು ಗಂಟೆ ನನ್ನ ಜೊತೆ ಬನ್ನಿ, ಆಮೇಲೆ ಹೋಗುವಿರಂತೆ” ಅಂದೆ. ಅವರು ಬಂದರು. ಒಂದು ಗಂಟೆ ಅಂದಿದ್ದು ಮೂರು ಗಂಟೆ ಆಯಿತು. ಆ ದಿನದಿಂದ ಈ ಪತ್ರ ಬರೆಯಬೇಕು ಅಂತ ಮನಸ್ಸಿನಲ್ಲಿ ಕೂತಿದೆ.

ನಾನು ಯಾರು ಅಂತ ಮೊದಲು ಹೇಳುತ್ತೇನೆ. ನನ್ನ ತವರು ತುರುವೇಕೆರೆ ಕಡೆ. 1979ರಲ್ಲಿ ಮದುವೆಯಾಗಿ ಮಾವಳ್ಳಿಗೆ ಬಂದೆ. ಲಾಲ್‌ಬಾಗಿನ ದೊಡ್ಡ ಗೇಟು ನಮ್ಮ ಮನೆಯಿಂದ ನಡೆದರೆ ಹತ್ತು ನಿಮಿಷ. ಬಂದ ಹೊಸದರಲ್ಲಿ ನನಗೆ ಈ ಊರು ಹಿಡಿಸಲಿಲ್ಲ. ಎರಡು ಕೋಣೆಯ ಮನೆ, ಏಳು ಜನ. ಹಿತ್ತಲು ಇಲ್ಲ, ಬಾವಿ ಇಲ್ಲ, ಹಸು ಇಲ್ಲ. ಹೊರಗೆ ಬಂದರೆ ಬಸ್ಸಿನ ಹೊಗೆ. ನಾನು ಅಡುಗೆಮನೆಯಲ್ಲಿ ಕೂತು ಅಳುವುದನ್ನು ನಮ್ಮತ್ತೆ ಒಂದು ದಿನ ನೋಡಿದರು. ಏನೂ ಕೇಳಲಿಲ್ಲ. ಸಂಜೆ ಸೀರೆ ಬದಲಾಯಿಸಿಕೊಂಡು, “ಬಾ ಕಣೆ” ಅಂತ ಕರೆದುಕೊಂಡು ಹೊರಟರು. ಲಾಲ್‌ಬಾಗಿನಲ್ಲಿ ಒಂದು ಮರದ ಮುಂದೆ ನಿಲ್ಲಿಸಿದರು. ಬಿಳಿ ಬೂರುಗದ ಮರ. ಅಷ್ಟು ದೊಡ್ಡ ಮರವನ್ನು ನಾನು ನಮ್ಮ ಕಡೆಯ ತೋಪುಗಳಲ್ಲೂ ನೋಡಿರಲಿಲ್ಲ. ಅದರ ಬೇರುಗಳು ನೆಲದಿಂದ ಗೋಡೆಯ ಹಾಗೆ ಎದ್ದು ನಿಂತಿದ್ದವು. ಎರಡು ಬೇರಿನ ನಡುವೆ ಒಂದು ಹಸು ಕಟ್ಟಬಹುದಿತ್ತು. “ಊರು ಜ್ಞಾಪಕ ಬಂದಾಗ ಇಲ್ಲಿ ಬಂದು ಕೂತ್ಕೋ, ಮನೇಲಿ ನಾನು ನೋಡ್ಕೋತೀನಿ” ಅಂದರು ಅತ್ತೆ.

ಆ ಮರದ ವಯಸ್ಸು ಸುಮಾರು ಇನ್ನೂರು ವರ್ಷ ಅನ್ನುತ್ತಾರೆ. ಅದರ ಮೂಲ ಅಮೆರಿಕ ಖಂಡದ ಬಿಸಿ ನಾಡುಗಳು. ಅಲ್ಲಿಂದ ಬಂದ ಜಾತಿ ಇಲ್ಲಿ ಬೇರು ಬಿಟ್ಟು, ತುರುವೇಕೆರೆಯಿಂದ ಬಂದ ಒಬ್ಬ ಹುಡುಗಿಗೆ ಜಾಗ ಕೊಟ್ಟಿತು. ಇದೆಲ್ಲ ನನಗೆ ಗೊತ್ತಾಗಿದ್ದು ಎಷ್ಟೋ ವರ್ಷ ಆದ ಮೇಲೆ. ಆಗ ಗೊತ್ತಿದ್ದದ್ದು ಇಷ್ಟೇ: ಅಲ್ಲಿ ತಣ್ಣಗಿತ್ತು, ಯಾರೂ ನನ್ನನ್ನು ಏನೂ ಕೇಳುತ್ತಿರಲಿಲ್ಲ.

ಅತ್ತೆಗೆ ಓದು ಬರಹ ಇರಲಿಲ್ಲ. ಕ್ಯಾಲೆಂಡರ್ ನಮ್ಮ ಮನೆಯಲ್ಲಿ ಗೋಡೆ ಮೇಲೆ ಇತ್ತು, ಆದರೆ ಅವರಿಗೆ ಅದು ಬೇಕಿರಲಿಲ್ಲ. ಅವರು ವರ್ಷವನ್ನು ಲಾಲ್‌ಬಾಗಿನಲ್ಲಿ ಓದುತ್ತಿದ್ದರು. ಬೂರುಗ ಎಲೆ ಉದುರಿಸಿ ಬೋಳಾಯಿತಾ, ಸಂಡಿಗೆಗೆ ಅಕ್ಕಿ ನೆನೆಹಾಕಬೇಕು, ಇನ್ನು ಬಿಸಿಲು ಗಟ್ಟಿಯಾಗುತ್ತೆ. ಹೊಂಗೆ ಚಿಗುರಿತಾ, ಯುಗಾದಿ ಹತ್ತಿರ ಬಂತು, ಗೋಡೆಗೆ ಸುಣ್ಣ ಬಳಿಯಬೇಕು. ಕಕ್ಕೆ ಮರ ಹಳದಿ ಗೊಂಚಲು ಇಳಿಬಿಟ್ಟಿತಾ, ಉಪ್ಪಿನಕಾಯಿಗೆ ಮಾವಿನಕಾಯಿ ಹುಡುಕಿಕೊಂಡು ಮಾರ್ಕೆಟ್ಟಿಗೆ ಹೋಗಬೇಕು. ಆಕಾಶಮಲ್ಲಿಗೆ ನೆಲದ ಮೇಲೆ ಬಿಳಿಯಾಗಿ ಹಾಸಿತಾ, ಟ್ರಂಕಿನಿಂದ ಕಂಬಳಿ ಹೊರಗೆ ತೆಗೆದು ಬಿಸಿಲಿಗೆ ಹಾಕಬೇಕು. ನಾನು ಅವರ ಜೊತೆ ಹದಿನೇಳು ವರ್ಷ ಹೀಗೆ ನಡೆದೆ. ಒಂದು ವರ್ಷವೂ ಅವರ ಲೆಕ್ಕ ಜಾಸ್ತಿ ತಪ್ಪಿದ್ದು ನನಗೆ ನೆನಪಿಲ್ಲ.

ಅದಕ್ಕೇ ಆ ಅಜ್ಜಿ “ಇನ್ನೇನೈತೆ” ಅಂದಾಗ ನನಗೆ ತಡೆಯಲು ಆಗಲಿಲ್ಲ. ಅವರು ಮರ ಗಿಡ ಗೊತ್ತಿಲ್ಲದವರೇನೂ ಅಲ್ಲ. ರೈತರ ಮನೆಯವರು. ಆದರೆ ಲಾಲ್‌ಬಾಗ್ ಅಂದರೆ ಹೂವಿನ ಪ್ರದರ್ಶನ, ಜನವರಿಯಲ್ಲಿ ಒಂದು, ಆಗಸ್ಟಿನಲ್ಲಿ ಒಂದು, ಉಳಿದ ದಿನ ಬಾಗಿಲು ಹಾಕಿದ ಸಿನಿಮಾ ಟಾಕೀಸಿನ ಹಾಗೆ ಅಂತ ಅವರ ಮನಸ್ಸಿನಲ್ಲಿ ಕೂತುಬಿಟ್ಟಿದೆ. ಅವರಿಗೆ ಮಾತ್ರ ಅಲ್ಲ. ನಮ್ಮ ಬೀದಿಯಲ್ಲೇ ಎಷ್ಟೋ ಮನೆಯವರಿಗೆ ಹಾಗೇ ಅನ್ನಿಸಿದೆ.

ಮೊದಲು ಅವರಿಗೆ ಖಾಲಿ ಗಾಜಿನ ಮನೆಯನ್ನೇ ತೋರಿಸಿದೆ. ಪ್ರದರ್ಶನದ ದಿನಗಳಲ್ಲಿ ಹೂವು ಕಾಣುತ್ತೆ, ಜನ ಕಾಣುತ್ತಾರೆ, ಆ ಮನೆ ಮಾತ್ರ ಕಾಣುವುದಿಲ್ಲ. ಖಾಲಿಯಾದಾಗ ನೋಡಬೇಕು. ಬೆಳಗಿನ ಬಿಸಿಲು ಗಾಜಿನಿಂದ ಇಳಿದು ನೆಲದ ಮೇಲೆ ಚೌಕ ಚೌಕವಾಗಿ ಬೀಳುತ್ತೆ. ಕಬ್ಬಿಣದ ಕಂಬಗಳು ಎಷ್ಟು ತೆಳ್ಳಗಿವೆ, ಅಷ್ಟು ದೊಡ್ಡ ಚಾವಣಿಯನ್ನು ಹೇಗೆ ಹೊತ್ತಿವೆ ಅಂತ ಆಗ ಗೊತ್ತಾಗುತ್ತೆ. 1889ರ ನವೆಂಬರ್ 30ರಂದು ವಿಕ್ಟೋರಿಯಾ ರಾಣಿಯ ಮೊಮ್ಮಗ ಆಲ್ಬರ್ಟ್ ವಿಕ್ಟರ್ ಇದಕ್ಕೆ ಅಡಿಗಲ್ಲು ಹಾಕಿದ್ದು. ಕಬ್ಬಿಣದ ಕಂಬ, ಕಮಾನುಗಳನ್ನು ಸ್ಕಾಟ್ಲೆಂಡಿನ ಗ್ಲಾಸ್ಗೋ ಊರಿನ ಎರಕದ ಕಾರ್ಖಾನೆಯಲ್ಲಿ ಮಾಡಿಸಿ ತರಿಸಿದರು. ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ನೋಡಿ ಇದನ್ನು ಕಟ್ಟಿದ್ದು ಅನ್ನುತ್ತಾರೆ. ಆ ಪ್ಯಾಲೇಸ್ 1936ರಲ್ಲಿ ಬೆಂಕಿಗೆ ಸುಟ್ಟುಹೋಯಿತು. ನಮ್ಮದು ಇನ್ನೂ ನಿಂತಿದೆ. ಅಷ್ಟೇ ಅಲ್ಲ, 1935ರಲ್ಲಿ ಪೂರ್ವದ ಕಡೆಗೆ ಇನ್ನಷ್ಟು ಬೆಳೆಯಿತು.

ದೊಡ್ಡ ಹುಡುಗ, ಐದನೇ ಕ್ಲಾಸಿನವನು, ಒಂದು ಕಂಬವನ್ನು ಎರಡೂ ಕೈಯಿಂದ ಹಿಡಿದು, “ಇದು ಹಡಗಲ್ಲಿ ಬಂತಾ ಅಜ್ಜಿ?” ಅಂತ ಕೇಳಿದ. ಹೌದಪ್ಪಾ ಅಂದೆ. ಅವನು ಆ ಕಂಬವನ್ನು ಬಿಟ್ಟು ಬರಲೇ ಇಲ್ಲ ಸ್ವಲ್ಪ ಹೊತ್ತು.

ಅಲ್ಲಿಂದ ಬಂಡೆಗೆ ಹೋದೆವು. ಬೆಂಗಳೂರಿನವರು ಈ ಬಂಡೆಯ ಮೇಲೆ ಸಂಜೆ ಕೂರುತ್ತಾರೆ, ಕಡಲೆಕಾಯಿ ತಿನ್ನುತ್ತಾರೆ, ಕೆಂಪೇಗೌಡರ ಗೋಪುರದ ಮುಂದೆ ಫೋಟೊ ತೆಗೆಸಿಕೊಳ್ಳುತ್ತಾರೆ. ನಾನೂ ಬಹಳ ವರ್ಷ ಹಾಗೇ ಕೂತಿದ್ದೆ. ನನ್ನ ಮಗ ಕಾಲೇಜಿನಲ್ಲಿ ಭೂವಿಜ್ಞಾನ ಓದುವಾಗ ಒಂದು ಭಾನುವಾರ ನನ್ನನ್ನು ಅಲ್ಲಿ ಕೂರಿಸಿ ಹೇಳಿದ, “ಅಮ್ಮಾ, ನೀನು ಕೂತಿರೋದು ಸುಮಾರು 300 ಕೋಟಿ ವರ್ಷದ ಹಿಂದಿನ ಕಲ್ಲಿನ ಮೇಲೆ.” ಬಗ್ಗಿ ನೋಡಿದರೆ ಅದರಲ್ಲಿ ಕಪ್ಪು ಬಿಳಿ ಗೆರೆಗಳು ಹಾಲಿಗೆ ಕಾಫಿ ಡಿಕಾಕ್ಷನ್ ಬಿಟ್ಟ ಹಾಗೆ ಸುರುಳಿ ಸುತ್ತಿವೆ. ಕಲ್ಲು ಬಿಸಿಯಲ್ಲಿ ಮೆತ್ತಗಾಗಿ, ಒತ್ತಡಕ್ಕೆ ಮಡಿಚಿಕೊಂಡ ಗುರುತು ಅದು. ದಕ್ಷಿಣ ಭಾರತದ ನೆಲದಡಿ ಹಾಸಿರುವ ಈ ಕಲ್ಲಿಗೆ ‘ಪೆನಿನ್ಸುಲರ್ ನೈಸ್’ ಅಂತ ಹೆಸರು. 1975ರಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆ ಈ ಬಂಡೆಯನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಘೋಷಿಸಿತು.

“300 ಕೋಟಿ ಅಂದ್ರೆ ಎಷ್ಟು ಸೊನ್ನೆ?” ಅಂದ ಹುಡುಗ. ಅವರಪ್ಪ ಕೂತು, ಒಂದು ಕಡ್ಡಿ ತೆಗೆದುಕೊಂಡು ಬಂಡೆಯ ಮೇಲಿನ ಮಣ್ಣಿನಲ್ಲಿ ಮೂರು ಬರೆದು ಸೊನ್ನೆ ಹಾಕುತ್ತಾ ಹೋದ. ಒಂಬತ್ತು ಸೊನ್ನೆ. ತಂಗಿ ಒಂದೊಂದೇ ಸೊನ್ನೆ ಮೇಲೆ ಕಾಲಿಟ್ಟು ನಡೆದಳು.

ಅಜ್ಜಿ ಅಂದರು, “ನಮ್ಮೂರ ಸುತ್ತಾನೂ ಬರೀ ಬಂಡೆನೇ ಕಣಮ್ಮ.” ನಿಜ. ರಾಮನಗರದ ಬಂಡೆಗಳಿಗೂ ಭೂವಿಜ್ಞಾನದಲ್ಲಿ ಹೆಸರಿದೆ, ಕ್ಲೋಸ್‌ಪೇಟೆ ಗ್ರಾನೈಟ್ ಅಂತ. ರಾಮನಗರಕ್ಕೆ ಹಿಂದೆ ಇದ್ದ ಹೆಸರೇ ಕ್ಲೋಸ್‌ಪೇಟೆ. ಆ ಕಲ್ಲಿನ ವಯಸ್ಸು ಸುಮಾರು 250 ಕೋಟಿ ವರ್ಷ. “ಹಂಗಾದ್ರೆ ನಮ್ಮೂರ ಬಂಡೆಗೆ ಇದು ಅಕ್ಕ” ಅಂದರು ಅಜ್ಜಿ. ಇಷ್ಟು ಚೆನ್ನಾಗಿ ನನ್ನ ಮಗನೂ ಹೇಳಿರಲಿಲ್ಲ.

ಆಮೇಲೆ ಕಲ್ಲಾದ ಮರವನ್ನು ತೋರಿಸಿದೆ. ತಮಿಳುನಾಡಿನ ತಿರುವಕ್ಕರೈಯಿಂದ ತಂದದ್ದು, ಸುಮಾರು 2 ಕೋಟಿ ವರ್ಷ ಹಳೆಯದು. ದೂರದಿಂದ ನೋಡಿದರೆ ಕಡಿದು ಹಾಕಿದ ದಿಮ್ಮಿ. ಹತ್ತಿರ ಹೋದರೆ ಕಲ್ಲು. ಅದರ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಹೋಗಿ ನೋಡಿ.

ನಾಗಲಿಂಗದ ಮರದ ಕೆಳಗೆ ಅಜ್ಜಿ ನಿಂತುಬಿಟ್ಟರು. ಈ ಮರ ಕೊಂಬೆಯ ತುದಿಯಲ್ಲಿ ಹೂ ಬಿಡುವುದಿಲ್ಲ, ಕಾಂಡಕ್ಕೇ ಅಂಟಿಕೊಂಡ ಹಾಗೆ ಬಿಡುತ್ತೆ. ನೆಲದ ಮೇಲೆ ಎರಡು ಹೂ ಉದುರಿದ್ದವು. ಅಜ್ಜಿ ಒಂದನ್ನು ಎತ್ತಿ ಕಣ್ಣಿಗೆ ಒತ್ತಿಕೊಂಡರು. ನಡುವೆ ಸಣ್ಣ ಲಿಂಗ, ಮೇಲೆ ಹೆಡೆ ಬಾಗಿಸಿದ ನಾಗರ. ಈ ಮರದ ತವರು ದಕ್ಷಿಣ ಅಮೆರಿಕ ಅಂದೆ. ಅಜ್ಜಿ ನಂಬಲಿಲ್ಲ. “ಶಿವನ ಹೂವು ಪರದೇಶದ್ದು ಹೆಂಗಾಯ್ತದೆ?” ಅಂದರು. ನಾನು ವಾದ ಮಾಡಲಿಲ್ಲ. ಎಲ್ಲಿಂದಲೋ ಬಂದದ್ದನ್ನು ಇಷ್ಟು ನಮ್ಮದು ಮಾಡಿಕೊಂಡಿದ್ದೇವಲ್ಲ, ಅದು ಸಂತೋಷದ ವಿಷಯ ಅಲ್ವಾ?

ಲಾಲ್‌ಬಾಗಿನ ಕತೆಯೇ ಹಾಗೆ. 1760ರಲ್ಲಿ ಹೈದರ್ ಅಲಿ ಇದನ್ನು ಶುರು ಮಾಡಿಸಿದಾಗ 40 ಎಕರೆ ಇತ್ತಂತೆ. ಈಗ 240 ಎಕರೆ. ಟಿಪ್ಪು ಸುಲ್ತಾನ್ ಪರ್ಷಿಯಾ, ಅಫ್ಘಾನಿಸ್ತಾನ, ಮಾರಿಷಸ್ ಕಡೆಯಿಂದೆಲ್ಲ ಗಿಡ, ಬೀಜ ತರಿಸಿದ. 1856ರಲ್ಲಿ ಇದು ಸರ್ಕಾರಿ ಸಸ್ಯತೋಟ ಆಯಿತು. ಆಮೇಲೆ ಲಂಡನ್ನಿನ ಕ್ಯೂ ತೋಟದಲ್ಲಿ ಪಳಗಿದವರು ಒಬ್ಬರ ನಂತರ ಒಬ್ಬರು ಬಂದರು. ಅವರಲ್ಲಿ ಜಾನ್ ಕ್ಯಾಮರಾನ್ 1874ರಿಂದ 1908ರವರೆಗೆ ಇಲ್ಲೇ ಇದ್ದರು. ಗಾಜಿನ ಮನೆ ಎದ್ದದ್ದು ಅವರ ಕಾಲದಲ್ಲೇ. ಹೊರಗಿನಿಂದ ಒಂದು ಗಿಡ ಬಂದರೆ ಮೊದಲು ಲಾಲ್‌ಬಾಗಿನಲ್ಲಿ ನೆಟ್ಟು, ಈ ಮಣ್ಣಿಗೆ, ಈ ಮಳೆಗೆ ಒಗ್ಗುತ್ತಾ ಅಂತ ನೋಡುತ್ತಿದ್ದರು. ಒಗ್ಗಿದರೆ ಹೊಲ, ಹಿತ್ತಲುಗಳಿಗೆ ಹೋಗುತ್ತಿತ್ತು.

ಇದನ್ನು ಅವರಿಗೆ ಹೇಗೆ ಹೇಳುವುದು ಅಂತ ಯೋಚನೆ ಮಾಡಿ, “ಅಮ್ಮ, ನಿಮ್ಮ ಹಿತ್ತಲಲ್ಲಿ ಸೀಮೆಬದನೆ ಬಳ್ಳಿ ಇದೆಯಾ?” ಅಂತ ಕೇಳಿದೆ. ಇದೆ ಅಂದರು ಅಜ್ಜಿ, ಚಪ್ಪರ ತುಂಬಾ ಕಾಯಿ ಬಿಡ್ತದೆ ಅಂದರು. ಆ ಕಾಯಿ ಹುಟ್ಟಿದ್ದು ಮೆಕ್ಸಿಕೊ ಕಡೆ. ಬೆಂಗಳೂರಿಗೆ ಬಂದದ್ದು ಕ್ಯಾಮರಾನ್ ಕಾಲದಲ್ಲಿ, ಲಾಲ್‌ಬಾಗಿನ ದಾರಿಯಾಗಿ. ತಮಿಳುನಾಡಿನಲ್ಲಿ ಇವತ್ತಿಗೂ ಅದನ್ನು ಬೆಂಗಳೂರು ಬದನೆ ಅಂತಲೇ ಕರೆಯುತ್ತಾರೆ. ಸಾಗು ಮಾಡುವಾಗ, ಕೂಟು ಮಾಡುವಾಗ ನಾವು ಯಾರೂ ಲಾಲ್‌ಬಾಗನ್ನು ನೆನೆಸುವುದಿಲ್ಲ. ನೆನೆಸಬೇಕಾಗಿತ್ತು.

ಅಲ್ಲಿಯವರೆಗೆ ಜಾಸ್ತಿ ಮಾತಾಡದ ಮಗ ಆಗ ಬಾಯಿ ಬಿಟ್ಟ. ಅವರದ್ದು ಒಂದೂವರೆ ಎಕರೆ ಮಾವಿನ ತೋಟ, ಬಾದಾಮಿ ಹಣ್ಣು. “ನಮ್ಮಪ್ಪ ಹಾಕಿದ್ದು. ತೋಟಗಾರಿಕೆ ಫಾರಂನಿಂದ ಕಸಿ ಗಿಡ ತಲೆ ಮೇಲೆ ಹೊತ್ಕೊಂಡು ಬಂದಿದ್ರು” ಅಂದ. ನಾನು ಅವನಿಗೆ ಎಂ.ಎಚ್. ಮರಿಗೌಡರ ಬಗ್ಗೆ ಹೇಳಿದೆ. ಮೈಸೂರು ಜಿಲ್ಲೆಯ ಹಳ್ಳಿಯ ಮನೆಯಲ್ಲಿ ಹುಟ್ಟಿ, ಅಮೆರಿಕದ ಹಾರ್ವರ್ಡ್‌ನಲ್ಲಿ ಓದಿ ಡಾಕ್ಟರೇಟ್ ಪಡೆದು, ವಾಪಸ್ ಲಾಲ್‌ಬಾಗಿಗೆ ಬಂದು ಕೆಲಸ ಮಾಡಿದವರು. ಅವರು ಇದ್ದಾಗಲೇ, 1963ರಲ್ಲಿ, ರಾಜ್ಯದಲ್ಲಿ ತೋಟಗಾರಿಕೆಗೆ ಬೇರೆಯೇ ಇಲಾಖೆ ಆಯಿತು. ಜಿಲ್ಲೆ ಜಿಲ್ಲೆಗಳಲ್ಲಿ ಫಾರಂಗಳು, ಸಸಿ ಬೆಳೆಸುವ ನರ್ಸರಿಗಳು ಎದ್ದವು. ಒಳ್ಳೆಯ ತಾಯಿ ಮರದಿಂದ ಕಸಿ ಮಾಡಿದ ಗಿಡ ಸಣ್ಣ ರೈತನ ಕೈಗೂ ಸಿಗಬೇಕು ಅನ್ನುವುದು ಅವರ ಹಟ. ಅವನ ಅಪ್ಪ ತಲೆ ಮೇಲೆ ಹೊತ್ತು ತಂದ ಗಿಡದ ಹಿಂದೆ ಆ ಹಟ ಇತ್ತು.

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, “ಹಂಗಾದ್ರೆ ನಮ್ಮ ತೋಟ ಇಲ್ಲಿಂದಲೇ ಶುರು ಆಗಿದ್ದು ಅನ್ನಿ” ಅಂದ. ಲಾಲ್‌ಬಾಗಿನಲ್ಲಿ ಟಿಪ್ಪು ಕಾಲದ್ದು ಅಂತ ಹೇಳುವ ಕೆಲವು ಹಳೆಯ ಮಾವಿನ ಮರಗಳಿವೆ. ಅವುಗಳಲ್ಲಿ ಒಂದರ ಹತ್ತಿರ ಕರೆದುಕೊಂಡು ಹೋದೆ. ಹೂ ಬಿಟ್ಟಿತ್ತು. ಅವನು ಕಣ್ಣು ಕಿರಿದು ಮಾಡಿ ಕೊಂಬೆ ಕೊಂಬೆ ನೋಡಿದ. ತನ್ನ ತೋಟದಲ್ಲಿ ಈ ವರ್ಷ ಹೂವು ತಡ ಅಂದ. ನಾನು ನೋಡುವ ಹಾಗಲ್ಲ ಅವನು ಮರ ನೋಡುವುದು. ಅವನ ಜೊತೆ ನಿಂತು ನಾನೂ ಹೊಸದಾಗಿ ನೋಡಿದೆ.

ಕೆರೆಯ ದಂಡೆಯಲ್ಲಿ ಬುತ್ತಿ ಬಿಚ್ಚಿದರು. ರಾಗಿ ರೊಟ್ಟಿ, ಹುಚ್ಚೆಳ್ಳು ಚಟ್ನಿ. ನನಗೂ ಕೊಟ್ಟರು. ನೀರುಕಾಗೆಯೊಂದು ಒಣ ಕೊಂಬೆ ಮೇಲೆ ರೆಕ್ಕೆ ಹರಡಿ ಬಿಸಿಲು ಕಾಯಿಸಿಕೊಳ್ಳುತ್ತಿತ್ತು. ಸಣ್ಣ ಹುಡುಗಿ ಅದರ ಹಾಗೇ ಎರಡೂ ಕೈ ಅಗಲಿಸಿ ನಿಂತಳು.

ಕೊನೆಗೆ ನಮ್ಮತ್ತೆಯ ಮರಕ್ಕೆ ಕರೆದುಕೊಂಡು ಹೋದೆ. ಈಗ ಅದರ ಸುತ್ತ ಬೇಲಿ ಇದೆ, ಬೇರಿನ ನಡುವೆ ಕೂರಲು ಆಗುವುದಿಲ್ಲ. ಅದು ಸರಿಯಾದದ್ದೇ. ಅಷ್ಟು ಜನ ತುಳಿದರೆ ಮರಕ್ಕೆ ಉಸಿರು ಕಟ್ಟುತ್ತೆ. ಆ ದಿನ ಮರ ಬೋಳಾಗಿತ್ತು. ಬೂದು ಬಣ್ಣದ ಕೊಂಬೆಗಳು ಆಕಾಶಕ್ಕೆ ಚಾಚಿದ್ದವು. ಬೂರುಗದ ಹೂವು ಸಂಜೆ ಬಿರಿಯುತ್ತೆ. ರಾತ್ರಿ ಬಾವಲಿಗಳು ಬಂದು ಅದರ ಜೇನು ಕುಡಿಯುತ್ತವೆ. ಬೇಸಿಗೆಯಲ್ಲಿ ಕಾಯಿ ಒಡೆದು ಹತ್ತಿ ಹಾರುತ್ತೆ. ನೂಲಲು ಬಾರದ ಹತ್ತಿ ಅದು, ದಿಂಬಿಗೆ ಮಾತ್ರ ಬಲು ಹಗುರ. ಅತ್ತೆ ಬದುಕಿದ್ದಾಗ ಆ ಹತ್ತಿ ಹಾರಿ ಬಂದು ಅವರ ನರೆಗೂದಲಿಗೆ ಸಿಕ್ಕಿಕೊಳ್ಳುತ್ತಿತ್ತು. ಮನೆಗೆ ಬಂದು ನಾನು ಬಾಚಣಿಗೆಯಲ್ಲಿ ತೆಗೆಯುತ್ತಿದ್ದೆ.

1996ರಲ್ಲಿ ಅವರು ಹಾಸಿಗೆ ಹಿಡಿದರು. ನಡೆಯಲು ಆಗುತ್ತಿರಲಿಲ್ಲ. ದಿನಾ ಸಂಜೆ ನಾನೊಬ್ಬಳೇ ಹೋಗಿ ಬಂದು ವರದಿ ಒಪ್ಪಿಸಬೇಕಾಗಿತ್ತು. “ಹೊಂಗೆ ಚಿಗುರಿತಾ? ಕಕ್ಕೆ ಏನಾಯ್ತು? ಬೂರುಗದ ಕಾಯಿ ಒಡೀತಾ?” ಒಂದನ್ನು ಮರೆತರೂ ಬಿಡುತ್ತಿರಲಿಲ್ಲ. ನಾಳೆ ನೋಡಿಕೊಂಡು ಬಾ ಅನ್ನುತ್ತಿದ್ದರು. ಹೀಗೆ ನೋಡಿ ಬಂದು ಹೇಳಬೇಕಾಗಿದ್ದರಿಂದಲೇ ನಾನು ಸರಿಯಾಗಿ ನೋಡಲು ಕಲಿತೆ. ಅದಕ್ಕೆ ಮೊದಲು ನಾನು ಬರೀ ಅವರ ಹಿಂದೆ ನಡೆಯುತ್ತಿದ್ದೆ ಅಷ್ಟೇ. ಆ ವರ್ಷ ಆಕಾಶಮಲ್ಲಿಗೆ ಬಿಡುವ ಹೊತ್ತಿಗೆ ಅವರು ಇರಲಿಲ್ಲ. ಕಂಬಳಿ ತೆಗೆಯಬೇಕು ಅಂತ ಹೇಳುವವರಿಲ್ಲದೆ ನಾನು ಮರದ ಕೆಳಗೆ ಹೋಗಿ ನಿಂತೆ. ಹೂವು ಹಾಸಿತ್ತು. ಮನೆಗೆ ಬಂದು ಕಂಬಳಿ ತೆಗೆದೆ.

ಅಂದಿನಿಂದ ಇಂದಿನವರೆಗೆ ವಾರಕ್ಕೆ ಮೂರು ದಿನವಾದರೂ ಹೋಗುತ್ತೇನೆ. ಒಂದೇ ಜಾಗಕ್ಕೆ ಇಷ್ಟು ಸಲ ಹೋಗಿ ಬೇಜಾರಾಗಲ್ವಾ ಅಂತ ಕೇಳುತ್ತಾರೆ. ಅದು ಒಂದೇ ಜಾಗ ಅಲ್ಲ. ಫೆಬ್ರವರಿಯ ಲಾಲ್‌ಬಾಗ್ ಬೇರೆ, ಜೂನ್ ತಿಂಗಳ ಲಾಲ್‌ಬಾಗ್ ಬೇರೆ. ನಮ್ಮ ಊರಿನ ಬೀದಿಗಳೂ ಹಾಗೇ ಇರಲಿ ಅಂತ ಆಸೆಪಟ್ಟವರು ಒಬ್ಬರಿದ್ದರು. ಜರ್ಮನಿಯವರು, ಜಿ.ಎಚ್. ಕೃಂಬಿಗಲ್. ಬರೋಡಾದಲ್ಲಿ ಕೆಲಸ ಮಾಡಿ 1908ರಲ್ಲಿ ಲಾಲ್‌ಬಾಗಿಗೆ ಬಂದರು. ಒಂದು ಜಾತಿಯ ಮರದ ಹೂವು ಮುಗಿಯುವಾಗ ಇನ್ನೊಂದು ಶುರುವಾಗಬೇಕು, ಊರಿನಲ್ಲಿ ವರ್ಷವಿಡೀ ಎಲ್ಲಾದರೂ ಒಂದು ಕಡೆ ಹೂವು ಇರಲೇಬೇಕು ಅಂತ ಲೆಕ್ಕ ಹಾಕಿ ರಸ್ತೆಗಳಿಗೆ ಮರ ಆರಿಸಿದರು. ಅವರು 1956ರಲ್ಲಿ ಬೆಂಗಳೂರಿನಲ್ಲೇ ತೀರಿಕೊಂಡರು. ಲಾಲ್‌ಬಾಗಿನ ಪಕ್ಕದ ಒಂದು ರಸ್ತೆಗೆ ಅವರ ಹೆಸರಿದೆ. ಆ ರಸ್ತೆಯಲ್ಲಿ ನಾನು ತರಕಾರಿ ಚೀಲ ಹಿಡಿದು ಎಷ್ಟು ಸಲ ನಡೆದಿದ್ದೇನೋ. ಹೆಸರು ಯಾರದ್ದು ಅಂತ ತಿಳಿದ ಮೇಲೆ ಅಲ್ಲಿ ನಡೆಯುವಾಗ ತಲೆ ಎತ್ತಿ ನೋಡುತ್ತೇನೆ.

ಅವರು ಹಾಕಿದ ಆ ಲೆಕ್ಕವೂ, ಓದು ಬಾರದ ನಮ್ಮತ್ತೆ ಅಡುಗೆಮನೆಗೆ ಹಾಕಿಕೊಂಡ ಲೆಕ್ಕವೂ ಒಂದೇ ಅಂತ ನನಗೆ ಎಷ್ಟೋ ಸಲ ಅನ್ನಿಸಿದೆ. ಹಪ್ಪಳ ಸಂಡಿಗೆ ಈಗ ಅಂಗಡಿಯಲ್ಲಿ ಸಿಗುತ್ತೆ, ನಿಜ. ಕಂಬಳಿಯನ್ನು ಬಿಸಿಲಿಗೆ ಹಾಕಲು ಅಪಾರ್ಟ್‌ಮೆಂಟಿನಲ್ಲಿ ಜಾಗವೂ ಇಲ್ಲ. ಆದರೂ ವರ್ಷ ಎಲ್ಲಿಗೆ ಬಂತು ಅಂತ ಫೋನ್ ನೋಡದೆ ತಿಳಿಯುವ ಸುಖ ಇದೆಯಲ್ಲ, ಅದನ್ನು ನಮ್ಮ ಮಕ್ಕಳಿಗೆ ಕೊಡದೆ ಹೋಗಬಾರದು.

ಆ ದಿನ ಹೊರಡುವಾಗ ಅಜ್ಜಿ ನನ್ನ ಕೈ ಹಿಡಿದು, “ಮತ್ತೆ ಯಾವಾಗ ಬರ್ಲಿ ಕಣವ್ವ? ಯಾವಾಗ ಏನು ಬಿಟ್ಟಿರ್ತದೆ?” ಅಂತ ಕೇಳಿದರು. ನಾನು ಬೆರಳು ಮಡಿಚಿ ಮಡಿಚಿ ಹೇಳಿದೆ. ಸೊಸೆ ಅದನ್ನು ರೈಲಿನ ಟಿಕೆಟ್ಟಿನ ಹಿಂದೆ ಬರೆದುಕೊಂಡಳು. ಜಾಗ ಸಾಲಲಿಲ್ಲ. ಆಮೇಲೆ ಮೆಟ್ರೊ ಸ್ಟೇಷನ್ ಕಡೆ ನಡೆದರು. ಪಶ್ಚಿಮದ ಗೇಟಿನ ಹತ್ತಿರವೇ ಸ್ಟೇಷನ್ ಇದೆ. 2017ರಿಂದ ಈ ಅನುಕೂಲ ಆಗಿದೆ. ಹೊರ ಊರಿನಿಂದ ಮೆಜೆಸ್ಟಿಕ್‌ಗೆ ಬಂದು ಇಳಿದವರಿಗೆ ಲಾಲ್‌ಬಾಗ್ ಈಗ ನಾಲ್ಕೇ ಸ್ಟೇಷನ್ ದೂರ.

ಸಂಪಾದಕರೇ, ಆ ಟಿಕೆಟ್ಟಿನ ಹಿಂದೆ ಜಾಗ ಸಾಲದ್ದಕ್ಕೇ ನಿಮಗೆ ಬರೆಯುತ್ತಿದ್ದೇನೆ. ಪ್ರದರ್ಶನದ ಹತ್ತು ಹನ್ನೆರಡು ದಿನ ನಿಮ್ಮ ಪತ್ರಿಕೆ ಚೆನ್ನಾಗಿ ಫೋಟೊ ಹಾಕುತ್ತೆ, ನಾನು ಕತ್ತರಿಸಿ ಇಟ್ಟುಕೊಳ್ಳುತ್ತೇನೆ. ಅದು ಇರಲಿ. ಅದರ ಜೊತೆ ಇನ್ನೊಂದು ಸಣ್ಣ ಕೆಲಸ ಮಾಡಿ. ದಿನಾ ನೀವು ಚಿನ್ನ ಬೆಳ್ಳಿಯ ಬೆಲೆ ಹಾಕುತ್ತೀರಿ. ಮಳೆಗಾಲದಲ್ಲಿ ಕೆಆರ್‌ಎಸ್, ಕಬಿನಿ ಜಲಾಶಯಗಳ ನೀರಿನ ಮಟ್ಟ ಹಾಕುತ್ತೀರಿ. ರೈತರು, ಊರಿನವರು ಎಲ್ಲರೂ ಮೊದಲು ಅದನ್ನೇ ನೋಡುತ್ತಾರೆ. ಅದೇ ಹಾಗೆ ವಾರಕ್ಕೊಂದು ಸಲ, ಶನಿವಾರ ಹಾಕಿದರೆ ಒಳ್ಳೆಯದು, ಎರಡೇ ಎರಡು ಸಾಲು: ಈ ವಾರ ಲಾಲ್‌ಬಾಗಿನಲ್ಲಿ ಯಾವ ಮರ ಹೂ ಬಿಟ್ಟಿದೆ, ಯಾವುದು ಚಿಗುರಿದೆ, ಯಾವುದು ಎಲೆ ಉದುರಿಸಿದೆ. ಮರದ ಹೆಸರು ನಮ್ಮ ಜನ ಕರೆಯುವ ಹೆಸರೇ ಆಗಿರಲಿ. ಬೂರುಗ, ಹೊಂಗೆ, ಕಕ್ಕೆ, ಸಂಪಿಗೆ. ಅಷ್ಟು ಸಾಕು. ಭಾನುವಾರ ಮಕ್ಕಳನ್ನು ಕರೆದುಕೊಂಡು ಬರುವವರಿಗೆ ಏನು ನೋಡಬೇಕು ಅಂತ ತಿಳಿಯುತ್ತೆ. ಊರಿನಲ್ಲಿ ಕೂತು ಓದುವವರು ತಮ್ಮ ಬೇಲಿಯ ಹೊಂಗೆ ಚಿಗುರಿತಾ ಅಂತ ಎದ್ದು ಹೋಗಿ ನೋಡುತ್ತಾರೆ.

ಯಾರು ನೋಡಿ ಬಂದು ಹೇಳುವುದು ಅಂತ ನೀವು ಕೇಳಬಹುದು. ನನ್ನ ಮೊಣಕಾಲು ನಡೆಯುವಷ್ಟು ದಿನ ನಾನು ನೋಡಿ ಬಂದು ಅಂಚೆ ಕಾರ್ಡಿನಲ್ಲಿ ಬರೆದು ಹಾಕುತ್ತೇನೆ. ನನಗೆ ಅಭ್ಯಾಸ ಇದೆ. ನನ್ನ ಮೊಮ್ಮಗಳಿಗೂ ಕಲಿಸುತ್ತಿದ್ದೇನೆ. ಅವಳಿಗೆ ಏಳು ವರ್ಷ, ಕಕ್ಕೆ ಮರವನ್ನು ಹೂವಿಲ್ಲದಾಗಲೂ ಗುರುತು ಹಿಡಿಯುತ್ತಾಳೆ.

ಈ ವಾರದ್ದು ಈಗಲೇ ಬರೆದುಬಿಡುತ್ತೇನೆ.

ಬೂರುಗ ಪೂರ್ತಿ ಬೋಳಾಗಿದೆ. ಹಳೆಯ ಮಾವಿನ ಮರ ಹೂ ಬಿಟ್ಟಿದೆ, ಕೆಳಗೆ ನಿಂತರೆ ಜೇನುನೊಣದ ಸದ್ದು ಕೇಳುತ್ತೆ. ಗುಲಾಬಿ ಟಬೂಬಿಯಾ ಅಲ್ಲಲ್ಲಿ ಶುರುವಾಗಿದೆ. ಹೊಂಗೆ ಇನ್ನೂ ಹಳೆಯ ಎಲೆಯಲ್ಲೇ ಇದೆ.

ಇಂತಿ,
ನಿಮ್ಮ ಹಳೆಯ ಓದುಗರಲ್ಲೊಬ್ಬಳು,
ಮಾವಳ್ಳಿ, ಬೆಂಗಳೂರು